ಹಾಟ್ ರಾಡ್ ರೋಡ್‌ಸ್ಟರ್: ಹಳೆಯ ಬಿಡಿಭಾಗಗಳ ಹಿಂದಿನ ವಿಜ್ಞಾನ

ಎರಡನೆಯ ಮಹಾಯುದ್ಧದ ಆಸುಪಾಸಿನ ವರ್ಷಗಳಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಯುವಕರು ಹಳೆಯ ಫೋರ್ಡ್ ಕಾರುಗಳನ್ನು ಅಗ್ಗದ ಬೆಲೆಗೆ ಕೊಂಡು, ಬೇಡದ ಭಾಗಗಳನ್ನು ಕಳಚಿ, ಎಂಜಿನ್ನಿನ ಶಕ್ತಿ ಹೆಚ್ಚಿಸಿ, ಮ್ಯೂರಾಕ್ ಮತ್ತು ಎಲ್ ಮಿರಾಜ್‌ನಂಥ ಒಣಕೆರೆಗಳ ಸಮತಟ್ಟಾದ ನೆಲದ ಮೇಲೆ ವೇಗದ ಪರೀಕ್ಷೆಗೆ ಇಳಿಸುತ್ತಿದ್ದರು. ಹೀಗೆ ಮಾರ್ಪಡಿಸಿದ ಕಾರಿಗೇ ಹಾಟ್ ರಾಡ್ ಎಂದು ಹೆಸರು. ಅದೇ ಶೈಲಿಯಲ್ಲಿ ಇಂದಿಗೂ ರೋಡ್‌ಸ್ಟರ್, ಎಂದರೆ ಗಟ್ಟಿ ಚಾವಣಿಯಿಲ್ಲದ ತೆರೆದ ಕಾರು, ಕಟ್ಟುವವರಿದ್ದಾರೆ. ಅವರು ಹುಡುಕಿ ತರುವ ಹಳೆಯ ಬಿಡಿಭಾಗಗಳನ್ನು ಬರಿಯ ಅಲಂಕಾರವೆಂದುಕೊಂಡರೆ ಆ ಕಾರಿಗೆ ಅನ್ಯಾಯವಾಗುತ್ತದೆ. ಅವುಗಳಲ್ಲಿ ಹೆಚ್ಚಿನವು ಭೌತವಿಜ್ಞಾನದ ಯಾವುದಾದರೊಂದು ತೊಡಕಿಗೆ ಕಂಡುಕೊಂಡ ಪರಿಹಾರಗಳು.

1932ರ ಫೋರ್ಡ್ ವಿ8, ಎಂದರೆ ಎಂಟು ಸಿಲಿಂಡರುಗಳ ಎಂಜಿನ್ನನ್ನೇ ನೋಡೋಣ. ಗಾತ್ರ 221 ಘನ ಅಂಗುಲ, ಎಂದರೆ ಸುಮಾರು 3.6 ಲೀಟರ್, ಆದರೂ ಅದರಿಂದ ಸಿಗುತ್ತಿದ್ದುದು 65 ಅಶ್ವಶಕ್ತಿ ಮಾತ್ರ. ಫ್ಲ್ಯಾಟ್‌ಹೆಡ್ ಎಂದು ಹೆಸರಾದ ಈ ಎಂಜಿನ್ನಿನಲ್ಲಿ ವಾಲ್ವುಗಳು ಸಿಲಿಂಡರಿನ ಮೇಲ್ಗಡೆ ಇರದೆ ಪಕ್ಕದಲ್ಲಿ, ಬ್ಲಾಕ್ ಎನ್ನುವ ಎಂಜಿನ್ನಿನ ಮುಖ್ಯ ಲೋಹದ ಒಡಲೊಳಗೇ ಇರುತ್ತವೆ. ಪೆಟ್ರೋಲ್ ಬೆರೆತ ಗಾಳಿ ಕೆಳಗಿನಿಂದ ಮೇಲೇರಿ, ಸಿಲಿಂಡರುಗಳ ಮೇಲಿನ ಮುಚ್ಚಳವಾದ ಹೆಡ್ಡಿನಡಿಯ ಸಂದಿಯಲ್ಲಿ ಹೊರಳಿ, ಮತ್ತೆ ಕೆಳಗಿಳಿದು ಸಿಲಿಂಡರನ್ನು ಸೇರಬೇಕು. ಆ ಸಂದಿಯನ್ನು ಹಿಗ್ಗಿಸಿದರೆ ಎಂಜಿನ್ನಿನ ಉಸಿರಾಟ ಸರಾಗವಾಗುತ್ತದೆ, ಆದರೆ ಸಂಪೀಡನದ ಅನುಪಾತ, ಎಂದರೆ ಆ ಮಿಶ್ರಣವನ್ನು ಹೊತ್ತಿಸುವ ಮುನ್ನ ಎಷ್ಟು ಪಟ್ಟು ಒತ್ತಿ ಕುಗ್ಗಿಸಲಾಗುತ್ತದೆ ಎಂಬುದು, ಇಳಿಯುತ್ತದೆ. ಕುಗ್ಗಿಸಿದರೆ ಸಂಪೀಡನ ಏರುತ್ತದೆ, ಹರಿವು ಕಟ್ಟಿಕೊಳ್ಳುತ್ತದೆ. ವಾಲ್ವಿಗೂ ಸಿಲಿಂಡರಿಗೂ ನಡುವಿನ ಲೋಹವನ್ನು ಎಷ್ಟು ಉಜ್ಜಿ ತೆಗೆಯಬೇಕೆಂಬುದು ಈ ಎಂಜಿನ್ ಕಟ್ಟುವವನ ನಿಜವಾದ ಪರೀಕ್ಷೆ. ಒಂದರ ಬದಲು ಎರಡು ಮೂರು ಸ್ಟ್ರೋಂಬರ್ಗ್ 97 ಕಾರ್ಬುರೇಟರುಗಳನ್ನು (ಗಾಳಿಗೆ ಪೆಟ್ರೋಲ್ ಬೆರೆಸುವ ಸಾಧನಗಳನ್ನು) ಸಾಲಾಗಿ ಕೂರಿಸುವುದೂ ಉಸಿರಾಟಕ್ಕಾಗಿಯೇ.

ಬಿಸಿಯ ತೊಂದರೆ ಇನ್ನೂ ದೊಡ್ಡದು. ಸುಟ್ಟ ಅನಿಲ ಹೊರಹೋಗುವ ದಾರಿ ಬ್ಲಾಕಿನ ಒಳಗೆ, ತಂಪು ನೀರಿನ ಕೋಶಗಳ ನಡುವೆಯೇ ಹಾದುಹೋಗುತ್ತದೆ. ಅಷ್ಟು ಸಾಲದೆಂಬಂತೆ ಪ್ರತಿ ಬದಿಯ ನಾಲ್ಕು ಸಿಲಿಂಡರುಗಳಿಗೆ ಇರುವುದು ಮೂರೇ ದ್ವಾರಗಳು. ನಡುವಿನ ಎರಡು ಸಿಲಿಂಡರುಗಳು ಒಂದನ್ನೇ ಹಂಚಿಕೊಳ್ಳುತ್ತವೆ. ಹೊಗೆಯೊಂದಿಗೆ ಹೊರಹೋಗಬೇಕಾದ ಶಾಖದ ಗಣನೀಯ ಪಾಲು ಹೀಗೆ ನೀರಿಗೆ ಸೇರುವುದರಿಂದ ರೇಡಿಯೇಟರಿನ ಆಯ್ಕೆಯಲ್ಲಿ ಜಿಪುಣತನ ಸಲ್ಲದು.

ಮಡ್‌ಗಾರ್ಡುಗಳನ್ನು ಕಳಚುವುದರ, ಬಾಡಿಯನ್ನು ಚಾಸಿಯ (ಕಾರಿನ ಅಡಿಚೌಕಟ್ಟಿನ) ಮೇಲೆ ಕೆಳಗಿಳಿಸಿ ಕೂರಿಸುವುದರ ಲೆಕ್ಕ ಬೇರೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಅದನ್ನು ಮೀರಲು ಬೇಕಾದ ಶಕ್ತಿಯಾದರೋ ವೇಗದ ಘನಕ್ಕೆ ಅನುಗುಣವಾಗಿ. ವೇಗವನ್ನು ಕಾಲುಭಾಗ ಹೆಚ್ಚಿಸಬೇಕಾದರೆ ಹೆಚ್ಚುಕಡಿಮೆ ಎರಡು ಪಟ್ಟು ಶಕ್ತಿ ಬೇಕು. ಆದ್ದರಿಂದ ಗಾಳಿಗೆ ಎದುರಾಗುವ ಮೈಯನ್ನು ಕುಗ್ಗಿಸುವುದು ಎಂಜಿನ್ನಿಗೆ ಶಕ್ತಿ ತುಂಬುವಷ್ಟೇ ಫಲ ಕೊಡುತ್ತದೆ.

ಬ್ರೇಕಿನ ವಿಷಯದಲ್ಲಿ ಮಾತ್ರ ಹಳೆಯ ಕಾಲಕ್ಕೆ ತೋರುವ ನಿಷ್ಠೆಗೆ ಮಿತಿಯಿರಬೇಕೆಂಬುದು ನನ್ನ ಖಚಿತ ಅಭಿಪ್ರಾಯ. 1932ರ ಕಾರಿನಲ್ಲಿದ್ದುದು ಸರಳುಗಳಿಂದ ಎಳೆಯುವ ಬ್ರೇಕು. 1939ರಲ್ಲಿ ಫೋರ್ಡ್ ದ್ರವದ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಬ್ರೇಕಿಗೆ ಬದಲಾದ ಮೇಲೆ ಹಾಟ್ ರಾಡ್ ಕಟ್ಟುವವರು ಆ ಬ್ರೇಕ್ ಡ್ರಮ್ಮುಗಳನ್ನೇ ತಂದು ಹಳೆಯ ಕಾರಿಗೆ ಜೋಡಿಸತೊಡಗಿದರು. ಆ ಜೋಡಣೆಯಲ್ಲಿ ನಾಲ್ಕೂ ಚಕ್ರಗಳಿಗೆ ಒಂದೇ ದ್ರವಮಾರ್ಗ. ಎಲ್ಲಿಯಾದರೂ ಒಂದು ಕೊಳವೆ ಸೋರಿದರೆ ನಾಲ್ಕೂ ಬ್ರೇಕುಗಳು ಒಟ್ಟಿಗೆ ಕೈಕೊಡುತ್ತವೆ. ಈಗಿನ ಕೆಲವರು ಹಳೆಯ ಡ್ರಮ್ಮುಗಳನ್ನು ಉಳಿಸಿಕೊಂಡು, ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಪ್ರತ್ಯೇಕ ಮಾರ್ಗವಿರುವ ಮಾಸ್ಟರ್ ಸಿಲಿಂಡರನ್ನು (ಬ್ರೇಕ್ ದ್ರವವನ್ನು ಒತ್ತುವ ಭಾಗವನ್ನು) ನೆಲಹಾಸಿನಡಿ ಅಡಗಿಸಿಡುತ್ತಾರೆ. ಅವರು ಮಾಡುತ್ತಿರುವುದೇ ಸರಿ.