ಪಿನಿಯನ್ ಕೋನ ಕೂಡಿಬರುವ ತನಕ ವೆಲ್ಡಿಂಗ್ ಬೇಡ

ಎಂಜಿನ್ ಒಂದು ಗಾಡಿಯದು, ಹಿಂದಿನ ಆಕ್ಸಲ್ ಇನ್ನೊಂದರದು, ನಡುವಿನ ಶಾಫ್ಟ್ ಅಳತೆ ಕೊಟ್ಟು ಮಾಡಿಸಿದ್ದು. ಹೀಗೆ ಕೂಡಿಸಿದ ಕಾರು ವೇಗ ಹಿಡಿದಾಗ ನಡುಗಿದರೆ ಹೆಚ್ಚಿನವರು ಮೊದಲು ಶಾಫ್ಟನ್ನು ಬ್ಯಾಲೆನ್ಸಿಂಗ್‌ಗೆ ಕಳಿಸುತ್ತಾರೆ. ಬ್ಯಾಲೆನ್ಸ್ ತಪ್ಪಿದ ನಡುಕ ಶಾಫ್ಟಿನ ಸುತ್ತಿಗೊಂದು ಸಲ ಬರುತ್ತದೆ, ಶಾಫ್ಟ್ ಎಂಜಿನ್‌ಗೂ ಆಕ್ಸಲ್‌ಗೂ ಸೇರುವ ಕೋನ ತಪ್ಪಿದ್ದು ಎರಡು ಸಲ. ಆಕ್ಸಿಲರೇಟರ್ ಒತ್ತಿದಾಗ ಒಂದು ಥರ, ಬಿಟ್ಟಾಗ ಇನ್ನೊಂದು ಥರ ಇದ್ದರೆ ಕೋನವನ್ನೇ ಮೊದಲು ನೋಡಿ.

ಶಾಫ್ಟಿನ ಎರಡೂ ತುದಿಗಳಲ್ಲಿರುವ ಯು-ಜಾಯಿಂಟ್ ಓರೆಯಾಗಿ ತಿರುಗುವಾಗ ಸಮವೇಗವನ್ನು ಹಾಗೇ ದಾಟಿಸುವುದಿಲ್ಲ. ಪ್ರತಿ ಸುತ್ತಿನಲ್ಲಿ ಆಚೆ ಬದಿಯ ವೇಗ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. 3 ಡಿಗ್ರಿಯಲ್ಲಿ ಈ ಏರಿಳಿತ ಶೇ. 0.14ರಷ್ಟು, 10 ಡಿಗ್ರಿಯಲ್ಲಿ ಶೇ. 1.5. ಹಿಂದಿನ ಜಾಯಿಂಟ್ ಕೂಡ ಅಷ್ಟೇ ಕೋನದಲ್ಲಿದ್ದು, ಶಾಫ್ಟಿನ ಎರಡೂ ಯೋಕ್‌ಗಳು (ಜಾಯಿಂಟನ್ನು ಹಿಡಿಯುವ ಕವಲುಗಳು) ಒಂದೇ ಸಾಲಿನಲ್ಲಿದ್ದರೆ ಏರಿಳಿತ ಪಿನಿಯನ್‌ಗೆ, ಅಂದರೆ ಆಕ್ಸಲ್‌ನ ಮುಂದಿನ ಹಲ್ಲುಗಾಲಿಗೆ, ತಲುಪುವ ಮೊದಲೇ ಅಳಿಯುತ್ತದೆ. ನಡುವಿನ ಶಾಫ್ಟು ಮಾತ್ರ ಆಗಲೂ ಏರಿಳಿಯುತ್ತಲೇ ಇರುತ್ತದೆ. ಆದ್ದರಿಂದ ಎರಡೂ ಕೋನ ಸಮನಾದರೆ ಸಾಲದು, ಚಿಕ್ಕವೂ ಇರಬೇಕು: ತಲಾ 1ರಿಂದ 3 ಡಿಗ್ರಿ.

ಸೊನ್ನೆ ಇನ್ನೂ ಒಳ್ಳೆಯದಲ್ಲವೇ? ಅಲ್ಲ. ಕೋನವೇ ಇಲ್ಲದಿದ್ದರೆ ಜಾಯಿಂಟಿನೊಳಗಿನ ಸೂಜಿ ಬೇರಿಂಗ್‌ಗಳು ಉರುಳದೆ ಒಂದೇ ಜಾಗದಲ್ಲಿ ಒತ್ತಿ ಅದರ ನಡುವಿನ ಶಿಲುಬೆಯಾಕಾರದ ಕ್ರಾಸ್ ಮೇಲೆ ಗೀರು ಮೂಡಿಸುತ್ತವೆ.

ಅಳೆಯುವಾಗ ಕಾರಿನ ಭಾರ ಪೂರ್ತಿ ಚಕ್ರಗಳ ಮೇಲಿರಲಿ. ಎಂಜಿನ್, ಬಾಡಿ, ಸೀಟು ಇನ್ನೂ ಕೂತಿಲ್ಲದಿದ್ದರೆ ಆಕ್ಸಲನ್ನು ಕೊನೆಗೆ ನಿಲ್ಲಬೇಕಾದ ಎತ್ತರಕ್ಕೆ ಸ್ಟ್ಯಾಂಡ್ ಕೊಟ್ಟು ನಿಲ್ಲಿಸಿ. ಆಕ್ಸಲ್ ಜೋತಾಡುತ್ತಿರುವಾಗ ತೆಗೆದ ಅಳತೆ ಲೆಕ್ಕಕ್ಕಿಲ್ಲ. ಡಿಜಿಟಲ್ ಆಂಗಲ್ ಗೇಜನ್ನು ಮಷೀನಿಂಗ್ ಆದ ಇಲ್ಲವೇ ನೇರವಾದ ಮೇಲ್ಮೈಗೇ ಹಿಡಿಯಬೇಕು: ಮುಂದೆ ಕ್ರ್ಯಾಂಕ್ ಪುಲ್ಲಿಯ ಮುಖಕ್ಕೆ, ನಡುವೆ ಶಾಫ್ಟಿನ ಕೊಳವೆಗೆ, ಹಿಂದೆ ಪಿನಿಯನ್ ಯೋಕಿನ ಮುಖಕ್ಕೆ. ನೆಲ ತುಸು ಇಳಿಜಾರಾಗಿದ್ದರೂ ನಮಗೆ ಬೇಕಾದ್ದು ವ್ಯತ್ಯಾಸ ಮಾತ್ರ. ನಡುವೆ ಕಾರನ್ನು ಸರಿಸದಿದ್ದರೆ ಸಾಕು.

ಒಂದು ಲೆಕ್ಕ ನೋಡಿ. ಎಂಜಿನ್ ಹಿಂಬದಿಗೆ 3 ಡಿಗ್ರಿ ಇಳಿದಿದೆ, ಶಾಫ್ಟ್ 5 ಡಿಗ್ರಿ ಇಳಿದಿದೆ. ಮುಂದಿನ ಜಾಯಿಂಟಿನ ಕೋನ 2. ಪಿನಿಯನ್ ಮೂತಿ 3 ಡಿಗ್ರಿ ಮೇಲೆತ್ತಿದ್ದರೆ ಅದರ ನೇರ ಎಂಜಿನ್‌ಗೆ ಸಮಾಂತರ, ಹಿಂದಿನ ಜಾಯಿಂಟಿನದೂ 2. ಕಾಗದದ ಮೇಲೆ ಎಲ್ಲ ಸರಿ. ಆದರೆ ಎಳೆತ ಬಿದ್ದಾಗ ಲೀಫ್ ಸ್ಪ್ರಿಂಗ್ ತಿರುಚಿಕೊಂಡು ಪಿನಿಯನ್ ಮೂತಿ ಇನ್ನೂ ಮೇಲೇಳುತ್ತದೆ. ಹಾಗಾಗಿ ನಿಂತ ಕಾರಿನಲ್ಲಿ ಅದನ್ನು ಸಮಾಂತರಕ್ಕಿಂತ ಸುಮಾರು 2 ಡಿಗ್ರಿ ತಗ್ಗಿಸಿ, ಅಂದರೆ 1 ಡಿಗ್ರಿ ಮೇಲ್ಮುಖವಾಗಿ, ಕೂಡಿಸುತ್ತೇವೆ. ಲಿಂಕ್ ಸಸ್ಪೆನ್ಷನ್ (ಆಕ್ಸಲನ್ನು ಸರಳುಗಳು ಹಿಡಿದಿರುವುದು) ಇದ್ದರೆ 1 ಡಿಗ್ರಿ ತಗ್ಗಿಸಿದರೆ ಸಾಕು. ಸಾಮಾನ್ಯ ರಸ್ತೆ ಕಾರಿನ ಮಾತಿದು. ಶಾಫ್ಟಿನ ಒಂದು ತುದಿಯಲ್ಲಿ ಡಬಲ್ ಕಾರ್ಡನ್, ಅಂದರೆ ಜೋಡಿ ಯು-ಜಾಯಿಂಟ್, ಇದ್ದರೆ ಲೆಕ್ಕವೇ ಬೇರೆ.

ಮೇಲಿನಿಂದಲೂ ನೋಡಬೇಕು. ಪಿನಿಯನ್ ಪಕ್ಕಕ್ಕೆ ಸರಿದಿದ್ದರೆ ಅಲ್ಲೂ ಒಂದು ಕೋನವಿರುತ್ತದೆ. ಪಕ್ಕದ ನೋಟದಲ್ಲಿ 3, ಮೇಲಿನ ನೋಟದಲ್ಲಿ 2 ಇದ್ದರೆ ನಿಜವಾದ ಕೋನ 5 ಅಲ್ಲ. ಎರಡರ ವರ್ಗಗಳ ಮೊತ್ತದ ವರ್ಗಮೂಲ, 3.6. ಸ್ಲಿಪ್ ಯೋಕ್, ಅಂದರೆ ಗೇರ್‌ಬಾಕ್ಸ್‌ನೊಳಗೆ ಜಾರುವ ಶಾಫ್ಟಿನ ಮುಂತುದಿ, ಒಳಗಿನ ಕೊನೆ ಮುಟ್ಟದೆ 20ರಿಂದ 25 ಮಿ.ಮೀ. ಹೊರಗಿರುವಂತೆ ಶಾಫ್ಟಿನ ಉದ್ದ ಕೊಡಿ.

ಇಷ್ಟಾಗುವ ತನಕ ಸ್ಪ್ರಿಂಗ್ ಪ್ಯಾಡ್‌ಗಳಿಗೆ (ಆಕ್ಸಲ್‌ಗೆ ಸ್ಪ್ರಿಂಗ್ ಕೂಡಿಸುವ ತಟ್ಟೆಗಳಿಗೆ) ಬರೀ ಟ್ಯಾಕ್, ಅಂದರೆ ಚುಕ್ಕೆ ವೆಲ್ಡ್, ಸಾಕು. ಪೂರ್ತಿ ವೆಲ್ಡ್ ಮಾಡುವಾಗ ಒಂದೇ ಕಡೆ ಎಳೆಯದೆ ಎರಡೂ ಬದಿ ಬದಲಿಸುತ್ತ ಚಿಕ್ಕ ಚಿಕ್ಕದಾಗಿ ಹೋಗಿ. ಬಿಸಿಗೆ ಆಕ್ಸಲ್ ಕೊಳವೆ ಬಾಗಿದರೆ ಕೋನದ ಜೊತೆ ಬೇರಿಂಗ್ ಸಾಲೂ ಕೆಡುತ್ತದೆ. ಕೆಲಸ ಮುಗಿದು ಸ್ಪ್ರಿಂಗ್ ಕೂತ ಮೇಲೆ ಮತ್ತೆ ಅಳೆಯಿರಿ. ಅಲ್ಪಸ್ವಲ್ಪ ತಪ್ಪಿದ್ದರೆ ಆಕ್ಸಲ್‌ಗೂ ಸ್ಪ್ರಿಂಗಿಗೂ ನಡುವೆ ಓರೆ ಶಿಮ್ (ಬೆಣೆಯಂಥ ತಗಡು) ಹಾಕಬಹುದು. ಸ್ಪ್ರಿಂಗ್ ಆಕ್ಸಲ್‌ನ ಮೇಲಿದ್ದರೆ ಶಿಮ್ಮಿನ ದಪ್ಪ ತುದಿ ಮುಂದಕ್ಕೆ ಬಂದಾಗ ಪಿನಿಯನ್ ತಗ್ಗುತ್ತದೆ, ಸ್ಪ್ರಿಂಗ್ ಕೆಳಗಿದ್ದರೆ ಏರುತ್ತದೆ.