ಕರೆಂಟ್ ಹೋದರೂ ಮರೆಯದ ಮೆಮೊರಿ

ಕಕ್ಕಡ ತಿಂಗಳ ಮಳೆ. ನಾಪೋಕ್ಲು ಕಡೆ ಸಿಲ್ವರ್ ಓಕ್ ಮರವೊಂದು ಲೈನಿನ ಮೇಲೆ ಬಿದ್ದು ಕರೆಂಟ್ ಹೋಯಿತು. ತೋಟದ ರೈಟರ್ ಆಗ ವಾರದ ಬಟವಾಡೆ ಲೆಕ್ಕ ಟೈಪ್ ಮಾಡುತ್ತಿದ್ದರು. ಸೇವ್ ಮಾಡಿರಲಿಲ್ಲ. ಕೂಲಿ, ಅಡ್ವಾನ್ಸು ಎಲ್ಲ ಮಾಯ. "ಕರೆಂಟ್ ಹೋದ್ರೆ ಕಂಪ್ಯೂಟರ್ ಮರೆಯೋದೇ ಅಲ್ವಾ ಸರ್" ಎಂದರು. ಹಾಗೇನಿಲ್ಲ! ಮರೆಯಲೇಬೇಕೆಂಬ ನಿಯಮ ಎಲ್ಲೂ ಇಲ್ಲ.

1960ರ ದಶಕದ ಕಂಪ್ಯೂಟರುಗಳಲ್ಲಿ ಪುಟ್ಟ ಫೆರೈಟ್ ಉಂಗುರಗಳನ್ನು ತಂತಿಗೆ ಪೋಣಿಸಿ ಮೆಮೊರಿ ಮಾಡುತ್ತಿದ್ದರು. ಮಣಿಸರದ ಹಾಗೆ, ಕೈಯಲ್ಲೇ. ಉಂಗುರ ಅಯಸ್ಕಾಂತವಾಗಿರುವುದರಿಂದ ಕರೆಂಟ್ ಇಲ್ಲದೆಯೂ ನೆನಪು ಉಳಿಯುತ್ತಿತ್ತು. ಚಂದ್ರನಿಗೆ ಹೋದ ಅಪೊಲೊ ಕಂಪ್ಯೂಟರಿನಲ್ಲೂ ಇಂಥ ಉಂಗುರಗಳೇ. ಆದರೆ ದುಬಾರಿ, ಜಾಗವೂ ಜಾಸ್ತಿ. 1966ರಲ್ಲಿ ಐಬಿಎಂ ಕಂಪನಿಯ ರಾಬರ್ಟ್ ಡೆನಾರ್ಡ್‌ಗೆ ಡಿರ‍್ಯಾಮ್ ಎಂಬ ಮೆಮೊರಿ ಹೊಳೆಯಿತು, ಇವತ್ತಿನ ಫೋನು, ಕಂಪ್ಯೂಟರುಗಳಲ್ಲಿರುವುದು ಇದೇ. ಒಂದು ಬಿಟ್‌ಗೆ (ಅಂದರೆ ಒಂದು ಅಥವಾ ಸೊನ್ನೆ) ಸ್ವಿಚ್ಚಿನಂತೆ ಕೆಲಸ ಮಾಡುವ ಒಂದು ಟ್ರಾನ್ಸಿಸ್ಟರ್, ವಿದ್ಯುತ್ ಹಿಡಿದಿಡುವ ಒಂದು ಕೆಪಾಸಿಟರ್, ಅಷ್ಟೇ. ಅಗ್ಗವಾಯಿತು, ಮರೆವೂ ಬಂತು.

ಯಾಕೆಂದರೆ ಆ ಕೆಪಾಸಿಟರ್ ಒಂದು ತೂತು ಬಿಂದಿಗೆ. ತುಂಬಿದ್ದರೆ ಒಂದು, ಖಾಲಿಯಿದ್ದರೆ ಸೊನ್ನೆ. ಸೋರಿ ಹೋಗುವ ಮೊದಲೇ ಮತ್ತೆ ತುಂಬಬೇಕು, ಸಾಮಾನ್ಯವಾಗಿ 64 ಮಿಲಿಸೆಕೆಂಡಿನೊಳಗೆ. 8 ಜಿಬಿ ಎಂದರೆ 6,800 ಕೋಟಿಗೂ ಜಾಸ್ತಿ ಬಿಂದಿಗೆ. ನಿಮ್ಮ ಜೇಬಿನಲ್ಲಿ ಸುಮ್ನೆ ಮಲಗಿರುವ ಫೋನ್ ಕೂಡ ಈ ಕೆಲಸ ಮಾಡುತ್ತಲೇ ಇರುತ್ತದೆ, ಬ್ಯಾಟರಿ ಖರ್ಚಿನಲ್ಲಿ.

ಎಂರ‍್ಯಾಮ್ ಎಂಬ ಇನ್ನೊಂದು ಬಗೆಯ ಮೆಮೊರಿ ಬಿಂದಿಗೆಯನ್ನೇ ಬಿಟ್ಟು ಮತ್ತೆ ಅಯಸ್ಕಾಂತಕ್ಕೆ ಬಂದಿದೆ. ಎರಡು ಕಾಂತೀಯ ಪದರ, ನಡುವೆ ಸುಮಾರು ಒಂದು ನ್ಯಾನೊಮೀಟರ್ ದಪ್ಪದ ಮೆಗ್ನೀಸಿಯಂ ಆಕ್ಸೈಡ್. ಎರಡೂ ಪದರಗಳ ಕಾಂತತ್ವ ಒಂದೇ ದಿಕ್ಕಿಗಿದ್ದರೆ ಎಲೆಕ್ಟ್ರಾನುಗಳು ಸಲೀಸಾಗಿ ದಾಟುತ್ತವೆ, ವಿರುದ್ಧವಾಗಿದ್ದರೆ ತಡೆ ಜಾಸ್ತಿ. ಬಾಗಿದ ಭತ್ತದ ಗದ್ದೆಯಲ್ಲಿ ಪೈರು ವಾಲಿದ ಕಡೆಗೇ ನಡೆದು ನೋಡಿ, ಆಮೇಲೆ ಎದುರು ನಡೆದು ನೋಡಿ. ಬೆಕ್ಕಿನ ಬೆನ್ನು ಸವರಿದರೂ ಇದೇ ಅನುಭವ. ಆ ತಡೆಯನ್ನು ಅಳೆದರೆ ಬಿಟ್ ಓದಿದ ಹಾಗೆ. ಮಾಮೂಲಿ ಕೋಣೆಯ ಬಿಸಿಯಲ್ಲೂ ಇದು ಚೆನ್ನಾಗಿ ನಡೆಯುತ್ತದೆಂದು 1995ರಲ್ಲಿ ತೋರಿಸಿದವರಲ್ಲಿ ಅಮೆರಿಕದ ಎಂಐಟಿಯ ಜಗದೀಶ್ ಮೂಡೇರ ಒಬ್ಬರು, ಮದ್ರಾಸ್ ಐಐಟಿಯಲ್ಲಿ ಓದಿದವರು. ಬರೆಯುವಾಗ ಒಂದು ಪದರದ ಕಾಂತತ್ವದ ದಿಕ್ಕನ್ನು ತಿರುಗಿಸಲು ಕರೆಂಟ್ ಬೇಕು. ತಿರುಗಿದ ಮೇಲೆ ಬೇಡ. ಗೇಟಿನ ಚಿಲಕ ಹಾಕುವಾಗ ಮಾತ್ರ ಕೈ ಬೇಕು, ರಾತ್ರಿಯಿಡೀ ಹಿಡಿದು ನಿಲ್ಲಬೇಕಿಲ್ಲ.

ಪೆನ್‌ಡ್ರೈವ್‌ನ ಫ್ಲ್ಯಾಶ್ ಕೂಡ ಮರೆಯುವುದಿಲ್ಲ, ನಿಜ. ಆದರೆ ಅದು ನಿಧಾನ, ಬರೆದು ಅಳಿಸಿದಷ್ಟೂ ಸವೆಯುತ್ತದೆ.

ನಾಳೆಯೇ ಫೋನಿನ ರ‍್ಯಾಮ್ ಬದಲಾಗುವುದಿಲ್ಲ. ಅದೇ ದುಡ್ಡಿಗೆ ಡಿರ‍್ಯಾಮ್ ಇನ್ನೂ ಎಷ್ಟೋ ಪಟ್ಟು ಜಾಸ್ತಿ ಜಾಗ ಕೊಡುತ್ತದೆ. ಇಂಟೆಲ್ ಬೇರೊಂದು ದಾರಿಯಲ್ಲಿ ತಂದ ಆಪ್ಟೇನ್ ಎಂಬ ಮರೆಯದ ಮೆಮೊರಿ 2022ರಲ್ಲಿ ನಿಂತೇಹೋಯಿತು. ಆದರೆ ಕೈಗಡಿಯಾರ, ಸೆನ್ಸರ್‌ಗಳಂಥ ಸಣ್ಣ ಬ್ಯಾಟರಿಯ ಸಾಧನಗಳಿಗೆ ಸ್ವಲ್ಪ ಮೆಮೊರಿ ಸಾಕು. ಕಾಫಿ ತೋಟದ ಮೂಲೆಯಲ್ಲಿ ಮಣ್ಣಿನ ತೇವ ಅಳೆಯುವ ಪೆಟ್ಟಿಗೆ ಗಂಟೆಗೊಮ್ಮೆ ಎದ್ದು, ಅಳೆದು, ಬರೆದಿಟ್ಟು, ಪೂರ್ತಿ ಆಫ್ ಆಗಬಹುದು.