ವರದಿ ನೆಗೆಟಿವ್ ಬಂತು, ಕಾಯಿಲೆ ಹೋಗಲಿಲ್ಲ

ಸೌಮ್ಯ ಕೋವಿಡ್ ಆದವರು ಸುಮಾರು ಎರಡು ವಾರಗಳಲ್ಲಿ, ತೀವ್ರವಾಗಿ ನರಳಿದವರು ಮೂರರಿಂದ ಆರು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. 2020ರ ಫೆಬ್ರುವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಚೀನಾದ ತಜ್ಞರ ಜಂಟಿ ತಂಡ ಕೊಟ್ಟ ಲೆಕ್ಕ ಇದು. ಆಗ ಕೈಯಲ್ಲಿದ್ದ ಮಾಹಿತಿ ಅಷ್ಟೇ, ದೂರುವಂತಿಲ್ಲ. ಆದರೆ ಆ ‘ಎರಡು ವಾರ’ ಎಲ್ಲರ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿತೆಂದರೆ, ಎಂಟನೇ ವಾರದಲ್ಲೂ ಮೆಟ್ಟಿಲು ಹತ್ತಲಾಗುತ್ತಿಲ್ಲ ಎಂದವರಲ್ಲಿ ಅನೇಕರಿಗೆ ಸಿಕ್ಕಿದ್ದು ಒಂದೇ ಉತ್ತರ: ಎಲ್ಲ ನಾರ್ಮಲ್ ಇದೆ, ಚಿಂತೆ ಬಿಡಿ.

ಕೊನೆಗೆ ಕಾಯಿಲೆಗೆ ಹೆಸರಿಟ್ಟವರೂ ರೋಗಿಗಳೇ. ಇಟಲಿಯ ಪುರಾತತ್ತ್ವಜ್ಞೆ ಎಲಿಸಾ ಪೆರೇಗೊ 2020ರ ಮೇ ತಿಂಗಳಲ್ಲಿ ತಮ್ಮ ಪಾಡನ್ನು ಟ್ವಿಟರ್‌ನಲ್ಲಿ ಹೇಳಿಕೊಳ್ಳುತ್ತ ‘ಲಾಂಗ್ ಕೋವಿಡ್’ ಎಂದು ಬರೆದರು. ಅದೇ ತಿಂಗಳು ಲಿವರ್‌ಪೂಲ್‌ನ ಸಾಂಕ್ರಾಮಿಕ ರೋಗ ತಜ್ಞ ಪಾಲ್ ಗಾರ್ನರ್ ತಮ್ಮ ಏಳು ವಾರಗಳ ಒದ್ದಾಟವನ್ನು ಬರೆದರು. ವೈದ್ಯರೇ ಮಲಗಿದ ಮೇಲೆ ವೈದ್ಯಲೋಕದ ಕಿವಿ ಸ್ವಲ್ಪ ತೆರೆಯಿತು ಎನ್ನದೆ ವಿಧಿಯಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯಾನ ಬರುವಷ್ಟರಲ್ಲಿ 2021ರ ಅಕ್ಟೋಬರ್ ಆಗಿತ್ತು: ಸೋಂಕು ತಗಲಿ ಸಾಮಾನ್ಯವಾಗಿ ಮೂರು ತಿಂಗಳಾದ ಮೇಲೂ ಕಾಣಿಸುವ, ಕನಿಷ್ಠ ಎರಡು ತಿಂಗಳು ಕಾಡುವ, ಬೇರೆ ಕಾರಣ ಸಿಗದ ಲಕ್ಷಣಗಳು.

ಇಷ್ಟು ತಡವಾಗಬೇಕಿರಲಿಲ್ಲ. 2003ರ ಸಾರ್ಸ್ ಕೂಡ ಕೊರೊನಾ ವೈರಸ್‌ನದೇ ಕಾಯಿಲೆ. ಅದರಿಂದ ಬದುಕುಳಿದ ಹಾಂಗ್‌ಕಾಂಗ್‌ನ ರೋಗಿಗಳನ್ನು ಸುಮಾರು ನಾಲ್ಕು ವರ್ಷಗಳ ನಂತರ ಪರೀಕ್ಷಿಸಿದಾಗ ಶೇ 40ರಷ್ಟು ಮಂದಿ ಬಿಡದ ದಣಿವಿನ ಬಗ್ಗೆ ಹೇಳಿದ್ದರು. ಆ ಅಧ್ಯಯನ 2009ರಲ್ಲೇ ಪ್ರಕಟವಾಗಿತ್ತು.

ಲಾಂಗ್ ಕೋವಿಡ್‌ಗೆ ದಣಿವು ಎಂಬ ಮಾತೂ ಸಾಲದು. ಇಂದು ಸ್ವಲ್ಪ ಹೆಚ್ಚು ನಡೆದರೆ ಅದರ ಬಡ್ಡಿ ನಾಳೆಯೋ ನಾಡಿದ್ದೋ ವಸೂಲಾಗುತ್ತದೆ. ಕೆಲವರು ದಿನಗಟ್ಟಲೆ ಏಳುವುದಿಲ್ಲ. ಇಂಥವರಿಗೆ ‘ವ್ಯಾಯಾಮ ಮಾಡಿ, ಸರಿಹೋಗುತ್ತದೆ’ ಎಂದರೆ ಕಾಯಿಲೆ ಉಲ್ಬಣಿಸಬಹುದು. ಕಾರಣ ಏನು? ದೇಹದಲ್ಲಿ ಉಳಿದ ವೈರಸ್‌ನ ಅಂಶ, ದಾರಿ ತಪ್ಪಿದ ರೋಗನಿರೋಧಕ ವ್ಯವಸ್ಥೆ, ರಕ್ತನಾಳಗಳ ಹಾನಿ ಎಲ್ಲವೂ ಶಂಕಿತರ ಪಟ್ಟಿಯಲ್ಲಿವೆ. ಲಸಿಕೆ ಅಪಾಯವನ್ನು ತಗ್ಗಿಸುತ್ತದೆ, ಪೂರ್ತಿ ತಡೆಯುವುದಿಲ್ಲ.

ಇದು ಲಾಂಗ್ ಕೋವಿಡ್ಡೇ ಎಂದು ಖಚಿತವಾಗಿ ಹೇಳುವ ರಕ್ತಪರೀಕ್ಷೆ ಇಲ್ಲ. ಆದರೂ ಕೆಲವರ ವಿಷಯದಲ್ಲಿ ಸುಳಿವು ಹಿಡಿಯಲು ಒಂದು ಮಂಚ, ಗಡಿಯಾರ ಮತ್ತು ರಕ್ತದೊತ್ತಡ ಅಳೆಯುವ ಯಂತ್ರ ಸಾಕು. ಮಲಗಿದ್ದಾಗ ನಾಡಿ ಎಣಿಸಿ, ರೋಗಿಯನ್ನು ಎಬ್ಬಿಸಿ ನಿಲ್ಲಿಸಿ, ಹತ್ತು ನಿಮಿಷ ಎಣಿಸುತ್ತ ಹೋಗುತ್ತಾರೆ. ರಕ್ತದೊತ್ತಡ ಇಳಿಯದೆಯೇ ಬಡಿತ ನಿಮಿಷಕ್ಕೆ 30 ಅಥವಾ ಅದಕ್ಕಿಂತ ಹೆಚ್ಚು ಏರಿ ಅಲ್ಲೇ ನಿಂತರೆ ವೈದ್ಯರು ಲಾಂಗ್ ಕೋವಿಡ್‌ನ ಕೆಲವರಲ್ಲಿ ಕಾಣುವ ‘ಪಾಟ್ಸ್’ (POTS) ಎಂಬ, ಎದ್ದು ನಿಂತಾಗ ಹೃದಯ ಓಡುವ ತೊಂದರೆಯನ್ನು ಶಂಕಿಸುತ್ತಾರೆ. ಮಲಗಿಸಿ ತೆಗೆದ ಇಸಿಜಿಯಲ್ಲಿ ಅದೇ ಹೃದಯ ನಾರ್ಮಲ್ ಆಗಿಯೇ ಕಂಡಿರುತ್ತದೆ.